ಕಾರಿನ ಮೈಮೇಲಿರೋ ತಾರೀಖುಗಳು

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ನಮ್ಮಲ್ಲಿ ಬಹಳ ಜನ ಮಾಡೋದು ಮೂರೇ ಕೆಲಸ. ಟೈರ್‌ಗೆ ಒಂದು ಒದೆ ಕೊಡ್ತಾರೆ. ಮೀಟರ್ ಎಷ್ಟು ಓಡಿದೆ ಅಂತ ಬಗ್ಗಿ ನೋಡ್ತಾರೆ. ಬಾಗಿಲು ಹಾಕಿ, ಶಬ್ದ ಗಟ್ಟಿಯಾಗಿ ಬಂದ್ರೆ ತಲೆ ಆಡಿಸ್ತಾರೆ. ಆಮೇಲೆ ನೇರ "ಫೈನಲ್ ಎಷ್ಟು ಹೇಳಿ" ಅನ್ನೋ ಮಾತಿಗೆ ಬರ್ತಾರೆ. ಮಾರೋರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರೂ ಮೂರೇ ಕೆಲಸ ಮಾಡಿಸಿರ್ತಾರೆ. ಟೈರ್‌ಗೆ ಕಪ್ಪು ಪಾಲಿಶ್, ಒಳಗೆ ಹೊಸ ಸೀಟ್ ಕವರ್, ಬಾಡಿಗೆ ರಬ್ಬಿಂಗ್. ಸಂಜೆ ಬಿಸಿಲಲ್ಲಿ ನಿಲ್ಲಿಸಿದ್ರೆ ಎಂಟು ವರ್ಷದ ಕಾರೂ ಮದುಮಗನ ಹಾಗೆ ಕಾಣುತ್ತೆ.

ಹೊಳಪು ಸುಲಭ. ಕಷ್ಟ ಆಗೋದು ತಾರೀಖುಗಳನ್ನ ಹೊಂದಿಸೋದು. ಒಂದು ಕಾರಿನ ಮೇಲೆ, ಅದರ ಕಾಗದಗಳಲ್ಲಿ, ಅದರ ಕಂಪ್ಯೂಟರ್‌ನಲ್ಲಿ ಹತ್ತಾರು ಕಡೆ ತಾರೀಖು, ಅಂಕಿ ದಾಖಲಾಗಿರುತ್ತೆ. ಒಂದನ್ನ ಬದಲಾಯಿಸಬಹುದು, ಎರಡನ್ನ ಮುಚ್ಚಿಡಬಹುದು. ಎಲ್ಲವನ್ನೂ ಒಂದೇ ಕಥೆ ಹೇಳೋ ಹಾಗೆ ಮಾಡೋಕೆ ಯಾರಿಗೂ ಪುರುಸೊತ್ತಿಲ್ಲ. ನಮ್ಮ ಆಫೀಸಲ್ಲಿ ಮಧ್ಯರಾತ್ರಿ ಸರ್ವರ್ ಮಲಗಿದಾಗ ಯಾರೂ ಒಂದೇ ಲಾಗ್ ನೋಡಿ ತೀರ್ಮಾನ ಮಾಡಲ್ಲ. ಮೂರ್ನಾಲ್ಕು ಲಾಗ್ ಪಕ್ಕ ಪಕ್ಕ ಇಟ್ಟು, ಸಮಯ ಎಲ್ಲಿ ತಾಳೆ ಆಗ್ತಿಲ್ಲ ಅಂತ ಹುಡುಕ್ತೀವಿ. ಕಾರಿಗೂ ಅದೇ ಸಾಕು. ಮೆಕ್ಯಾನಿಕ್ ಆಗಬೇಕಿಲ್ಲ, ಓದೋಕೆ ಬರಬೇಕು ಅಷ್ಟೆ.

ಮೊದಲು ಆರ್‌ಸಿ. ಅದರಲ್ಲಿ ರಿಜಿಸ್ಟ್ರೇಷನ್ ತಾರೀಖಿನ ಜೊತೆ ಕಾರು ತಯಾರಾದ ತಿಂಗಳು, ವರ್ಷನೂ ಇರುತ್ತೆ. ಎರಡರ ಮಧ್ಯೆ ಒಂದೆರಡು ತಿಂಗಳಿದ್ರೆ ಸಹಜ. ಹತ್ತು ತಿಂಗಳಿದ್ರೆ ಷೋರೂಮಿನಲ್ಲಿ ಕೂತಿದ್ದ ಕಾರು, ಅದಕ್ಕೆ ತಕ್ಕಂತೆ ರೇಟು ಇಳಿಸಿ ಅಂತ ಕೇಳಬಹುದು. ಈ ತಯಾರಿ ತಿಂಗಳನ್ನ ಫೋನಲ್ಲಿ ಬರೆದಿಟ್ಕೊಳ್ಳಿ. ಇನ್ನು ಮುಂದೆ ಎಲ್ಲವನ್ನೂ ಇದರ ಜೊತೆಗೇ ಹೋಲಿಸೋದು.

ಗಾಜುಗಳು. ಪ್ರತಿ ಗಾಜಿನ ಮೂಲೆಯಲ್ಲೂ ಸಣ್ಣದಾಗಿ ಗಾಜಿನ ಕಂಪನಿ ಗುರುತು, ಅದರ ಹತ್ತಿರ ಒಂದೆರಡು ಅಂಕಿ, ಕೆಲವು ಚುಕ್ಕೆ ಇರುತ್ತೆ. ಗಾಜು ಯಾವಾಗ ತಯಾರಾಯ್ತು ಅನ್ನೋದರ ಕೋಡ್ ಅದು. ಕಂಪನಿಯಿಂದ ಕಂಪನಿಗೆ ಅದು ಬೇರೆ ಬೇರೆ, ಹಾಗಾಗಿ ಬಿಡಿಸೋಕೆ ತಲೆ ಕೆಡಿಸ್ಕೋಬೇಡಿ. ನಾಲ್ಕೂ ಬಾಗಿಲಿನ ಗಾಜು, ಹಿಂದಿನ ಗಾಜು ಒಂದೇ ತರ ಗುರುತು ಹೊತ್ತಿದ್ಯಾ ನೋಡಿ. ಮುಂದಿನ ಗಾಜು ಬೇರೆ ಇದ್ರೆ ಗಾಬರಿ ಬೇಡ, ಹೈವೇನಲ್ಲಿ ಲಾರಿ ಚಕ್ರದಿಂದ ಹಾರಿದ ಒಂದು ಕಲ್ಲು ಸಾಕು. ಆದ್ರೆ ಬಾಗಿಲಿನ ಗಾಜು ಒಂದು ಮಾತ್ರ ಬೇರೆ ಇದ್ರೆ, ಆ ಬಾಗಿಲಿಗೆ ಏನಾಗಿತ್ತು ಅಂತ ಕೇಳಲೇಬೇಕು.

ಟೈರ್. ಪಕ್ಕದಲ್ಲಿ ಉದ್ದದ ಒಂದು ಕೋಡ್ ಇರುತ್ತೆ, ಅದರ ಕೊನೆಗೆ ನಾಲ್ಕು ಅಂಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. 3419 ಅಂತಿದ್ರೆ 2019ರ 34ನೇ ವಾರ, ಅಂದ್ರೆ ಆಗಸ್ಟ್. ಈ ಕೋಡ್ ಟೈರಿನ ಒಂದೇ ಬದಿಗೆ ಪೂರ್ತಿ ಇರೋದೂ ಉಂಟು. ಹೊರಗೆ ಕಾಣ್ಲಿಲ್ಲ ಅಂದ್ರೆ ಒಳಬದಿಗೆ ಫೋನ್ ಹಿಡಿದು ಫೋಟೋ ತಗೊಳ್ಳಿ. ಸ್ಟೆಪ್ನಿಯನ್ನ ಮರೀಬೇಡಿ, ಹೆಚ್ಚಿನ ಕಾರುಗಳಲ್ಲಿ ಅದು ಹುಟ್ಟಿದಾಗಿಂದ ಅಲ್ಲೇ ಮಲಗಿರುತ್ತೆ.

ಸೀಟ್ ಬೆಲ್ಟ್. ಪೂರ್ತಿ ಕೊನೆವರೆಗೂ ಎಳೀರಿ. ಬುಡದಲ್ಲಿ ಬಟ್ಟೆಯ ಲೇಬಲ್ ಇರುತ್ತೆ, ಹಲವು ಕಾರುಗಳಲ್ಲಿ ಅದರ ಮೇಲೂ ತಯಾರಾದ ತಾರೀಖು ಇರುತ್ತೆ. ಜೋರು ಅಪಘಾತದಲ್ಲಿ ಏರ್‌ಬ್ಯಾಗ್ ಜೊತೆ ಬೆಲ್ಟನ್ನೂ ಬದಲಾಯಿಸಬೇಕಾಗುತ್ತೆ. ಕಾರು 2017ರದ್ದು, ಡ್ರೈವರ್ ಬೆಲ್ಟ್ ಮಾತ್ರ 2021ರದ್ದು ಅಂದ್ರೆ ಪಾಲಿಶ್ ಹೇಳದ ಮಾತನ್ನ ಬೆಲ್ಟ್ ಹೇಳ್ತಿದೆ ಅಂತ ಅರ್ಥ.

ಇದನ್ನೆಲ್ಲ ನಾನು ಇಷ್ಟು ಗಂಭೀರವಾಗಿ ತಗೊಂಡಿದ್ದು ಹೋದ ವರ್ಷ ಬಾವನಿಗೆ ಕಾರು ಹುಡುಕೋವಾಗ. ಬಾವ ತಿಪಟೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಅಕ್ಕನ ಅತ್ತೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ತುಮಕೂರಿಗೆ ಕರ್ಕೊಂಡು ಹೋಗಬೇಕು. ಡಯಾಲಿಸಿಸ್ ಮುಗಿಸಿದ ವಯಸ್ಸಾದವರನ್ನ ಬಸ್ ಸ್ಟ್ಯಾಂಡಲ್ಲಿ ಕೂರಿಸಿ ಕಾಯೋದು ಎಂಥ ಕಷ್ಟ ಅಂತ ನೋಡಿದವರಿಗೇ ಗೊತ್ತು. ಬಾವನ ಹತ್ರ ಇದ್ದಿದ್ದು ಉಳಿತಾಯದ ಎರಡೂವರೆ ಲಕ್ಷ, ಸೊಸೈಟಿ ಸಾಲ ಎರಡು ಲಕ್ಷ. ಕಾರು ದಾರಿ ಮಧ್ಯೆ ನಿಂತ್ರೆ ಡಯಾಲಿಸಿಸ್ ತಪ್ಪುತ್ತೆ. ಕೊಂಡ ಮೇಲೆ ರಿಪೇರಿಗೆ ಸುರಿಯೋಕೆ ಬೇರೆ ದುಡ್ಡಿಲ್ಲ.

ಬೆಂಗಳೂರಿನ ಒಂದು ಯಾರ್ಡಲ್ಲಿ ಕೆಂಪು ಬಣ್ಣದ ಪೆಟ್ರೋಲ್ ಕಾರೊಂದು ಬಾವನಿಗೆ ನೋಡಿದ ತಕ್ಷಣ ಹಿಡಿಸ್ತು. 2017ರ ಕಾರು, ಒಬ್ಬರೇ ಓನರ್, ಮೀಟರ್‌ನಲ್ಲಿ 41,000 ಕಿ.ಮೀ., ಹೇಳಿದ್ದು 4,35,000. "ಡಾಕ್ಟ್ರ ಗಾಡಿ ಸಾರ್, ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ" ಅಂದ್ರು ಯಾರ್ಡಿನವರು. (ಬೆಂಗಳೂರಲ್ಲಿ ಮಾರಾಟಕ್ಕಿರೋ ಕಾರುಗಳಲ್ಲಿ ಅರ್ಧ ಡಾಕ್ಟರದ್ದೇ. ಉಳಿದ ಅರ್ಧ 'ಲೇಡಿ ಓನರ್'.)

ನಾನು ಬಗ್ಗಿ ಟೈರ್ ಓದಿದೆ. ನಾಲ್ಕೂ 2019ರವು, ನಾಲ್ಕೂ ಸವೆದು ಅಂಚಿಗೆ ಬಂದಿವೆ. ಸ್ಟೆಪ್ನಿ 2017ರದ್ದು. ಅಂದ್ರೆ ಕಾರಿನ ಜೊತೆ ಬಂದ ಮೊದಲ ಸೆಟ್ ಎರಡೇ ವರ್ಷದಲ್ಲಿ ಮುಗಿದಿದೆ, ಎರಡನೇದೂ ಮುಗಿತಾ ಬಂದಿದೆ. ಇಂಥ ಸಣ್ಣ ಕಾರಲ್ಲಿ ಒಂದು ಸೆಟ್ ಟೈರ್ ಸಾಮಾನ್ಯವಾಗಿ 40,000 ಕಿ.ಮೀ. ಆಸುಪಾಸು ಬಾಳುತ್ತೆ. ಎರಡು ಸೆಟ್ ತಿಂದ ಕಾರು ಓಡಿದ್ದು ಬರೀ 41,000 ಹೇಗೆ? ಕ್ಲಿನಿಕ್ಕು ಮಂತ್ರಾಲಯದಲ್ಲಿ ಇತ್ತೇನೋ.

ಬಲಗಡೆ ಹಿಂದಿನ ಬಾಗಿಲಿನ ಗಾಜು ಬೇರೆ ಕಂಪನಿದು. ಆ ಬಾಗಿಲಿನ ರಬ್ಬರ್ ಬೀಡಿಂಗನ್ನ ಸ್ವಲ್ಪ ಬಿಡಿಸಿ ನೋಡ್ತೀನಿ ಅಂದೆ. ಇದು ಎಲ್ಲರೂ ಮಾಡಬಹುದಾದ ಕೆಲಸ. ಬೀಡಿಂಗ್ ಕೈಯಲ್ಲೇ ಬರುತ್ತೆ, ಒತ್ತಿದ್ರೆ ಮತ್ತೆ ಕೂರುತ್ತೆ. ಅದರ ಕೆಳಗೆ ಫ್ಯಾಕ್ಟರಿಯ ಸ್ಪಾಟ್ ವೆಲ್ಡಿಂಗ್ ಗುಂಡಗೆ, ಒಂದೇ ಅಂತರದಲ್ಲಿ, ಗುಂಡಿ ಹೊಲಿದ ಹಾಗೆ ಸಾಲಾಗಿ ಇರಬೇಕು. ಎಡಗಡೆ ಹಾಗೇ ಇತ್ತು. ಬಲಗಡೆ ಕಂಬದ ಮೇಲೆ ಒಂದು ಗೇಣಿನಷ್ಟು ಉದ್ದ ಅದು ಇರಲೇ ಇಲ್ಲ. ನುಣ್ಣಗೆ ಪುಟ್ಟಿ ಹಾಕಿ ಬಣ್ಣ ಹೊಡೆದಿದ್ರು. ಫ್ರಿಜ್ ಮೇಲೆ ಅಂಟಿಸೋ ಮ್ಯಾಗ್ನೆಟ್ ಒಂದು ನನ್ನ ಜೇಬಲ್ಲಿತ್ತು. ಕರ್ಚೀಫ್ ಸುತ್ತಿ ಆ ಜಾಗದಲ್ಲಿ ಇಟ್ಟೆ, ಜಾರಿ ಬಿತ್ತು. ಕಬ್ಬಿಣದ ಮೇಲೆ ಪುಟ್ಟಿ ದಪ್ಪ ಇದ್ರೆ ಅದು ಹಿಡಿಯಲ್ಲ. ಬಂಪರ್ ಮೇಲೆ ಮಾತ್ರ ಈ ಪರೀಕ್ಷೆ ಮಾಡಬೇಡಿ, ಅದು ಪ್ಲಾಸ್ಟಿಕ್.

ಬಾಗಿಲು, ಬಂಪರ್, ಮುಂದಿನ ಫೆಂಡರ್ ಬದಲಾಯಿಸಿದ್ರೆ ದೊಡ್ಡ ವಿಷಯ ಅಲ್ಲ. ಅವು ಬೋಲ್ಟ್ ಹಾಕಿ ಕೂರಿಸೋ ಭಾಗಗಳು. ಬೆಂಗಳೂರಿನ ಟ್ರಾಫಿಕ್ಕಲ್ಲಿ ಐದು ವರ್ಷ ಓಡಾಡಿ ಒಂದು ಗೀರೂ ಇಲ್ಲ ಅಂದ್ರೇನೇ ನನಗೆ ಅನುಮಾನ. ಆದ್ರೆ ಬಾಗಿಲ ನಡುವಿನ ಕಂಬ, ಚಾಸಿ, ಬಾನೆಟ್ ಒಳಗಿನ ಏಪ್ರನ್, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರೋ ತಳ, ಇವು ಕಾರಿನ ಎಲುಬು. ಇಲ್ಲಿ ಟಿಂಕರಿಂಗ್ ಆಗಿದ್ರೆ ಮತ್ತೊಂದು ಸಲ ಗುದ್ದಿದಾಗ ಆ ಕಂಬ ಮೊದಲಿನ ಹಾಗೆ ತಡೆಯುತ್ತೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ. ಆ ಹಿಂದಿನ ಸೀಟಲ್ಲಿ ಕೂರಬೇಕಾಗಿದ್ದು ಬಾವನ ಅಮ್ಮ.

ಕೊನೆಗೆ ಇನ್ಶೂರೆನ್ಸ್ ಪಾಲಿಸಿ ಕೇಳ್ದೆ. ಈ ಕಾಗದವನ್ನ ಬಹಳ ಜನ ವ್ಯಾಲಿಡಿಟಿ ನೋಡಿ ಮಡಚಿ ಇಡ್ತಾರೆ. ಅದರಲ್ಲಿ ನೋಡಬೇಕಾಗಿರೋದು ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡ್ಲಿಲ್ಲ ಅಂದ್ರೆ ಮುಂದಿನ ಪಾಲಿಸಿಯಲ್ಲಿ 20%, ಆಮೇಲೆ 25, 35, 45, ಐದು ವರ್ಷಕ್ಕೆ 50%. ಮಧ್ಯೆ ಕ್ಲೇಮ್ ಮಾಡಿದ್ರೆ ಸಾಮಾನ್ಯವಾಗಿ ಸೊನ್ನೆಗೆ ಇಳಿಯುತ್ತೆ. ಎಂಟು ವರ್ಷದ 'ಒಂದೂ ಗೀರಿಲ್ಲದ' ಕಾರಿನ ಪಾಲಿಸಿಯಲ್ಲಿ ಬೋನಸ್ 0% ಅಂತಿತ್ತು. ಬೋನಸ್ ಇದ್ದ ಮಾತ್ರಕ್ಕೆ ನಿರಾಳ ಆಗೋ ಹಾಗೂ ಇಲ್ಲ. ಅದು ಓನರ್‌ಗೆ ಸೇರಿದ್ದು, ಕಾರಿಗಲ್ಲ, ಹಳೇ ಕಾರಿನದನ್ನ ಈ ಕಾರಿಗೆ ತಂದಿರಬಹುದು. ಬೋನಸ್ ಕಾಪಾಡೋ ಆಡ್-ಆನ್ ಹಾಕಿಸಿರಬಹುದು. ಸಣ್ಣ ಕೆಲಸವನ್ನ ಕೈಯಿಂದ ದುಡ್ಡು ಕೊಟ್ಟೇ ಮಾಡಿಸಿರಬಹುದು. ಅದಕ್ಕೇ ಮೂರು ವರ್ಷದ ಪಾಲಿಸಿ ಕೇಳಿ, ಒಂದನ್ನಲ್ಲ.

"ಏನ್ ಸಾರ್, ಇಷ್ಟೆಲ್ಲ ನೋಡಿದ್ರೆ ಯಾವ ಗಾಡೀನೂ ತಗೊಳ್ಳೋಕಾಗಲ್ಲ. ಇವತ್ತೇ ಇನ್ನೊಬ್ರು ಟೋಕನ್ ಕೊಡ್ತೀನಿ ಅಂತಿದಾರೆ" ಅಂದ್ರು. ಕೊಡ್ಲಿ ಅಂದು ಬಂದ್ವಿ. ಆಟೋದಲ್ಲಿ ಬಾವ ಅರ್ಧ ಗಂಟೆ ಮಾತಾಡ್ಲಿಲ್ಲ. ಆಮೇಲೆ "ಕಲರ್ ಮಾತ್ರ ಚೆನ್ನಾಗಿತ್ತು ಕಣೋ" ಅಂದ್ರು.

ಬೆಂಗಳೂರಲ್ಲಿ ಕಾರು ನೋಡೋರು ಇನ್ನೆರಡು ತಾರೀಖನ್ನೂ ತಲೇಲಿ ಇಟ್ಕೋಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ನೀರು ನಿಂತು, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು ನೆನಪಿದೆಯಲ್ಲ? ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟಲ್ಲಿ ಕಾರುಗಳು ಮುಳುಗಿದ್ವು. 2023ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲೂ ಅದೇ ಆಯ್ತು. ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗಲ್ಲ. ಹರಾಜಲ್ಲಿ ತಗೊಂಡು, ಒಣಗಿಸಿ, ತೊಳೆದು, ಬೇರೆ ಊರಲ್ಲಿ ಮಾರೋ ದಂಧೆ ಇದೆ. ಸರ್ವೀಸ್ ದಾಖಲೆಯಲ್ಲಿ ಆ ತಿಂಗಳುಗಳ ಆಸುಪಾಸು ದೊಡ್ಡ ಬಿಲ್ ಇದ್ಯಾ ನೋಡಿ.

ಕಾಗದ ಇಲ್ಲದಿದ್ರೂ ನೀರು ತನ್ನ ಗುರುತು ಬಿಟ್ಟಿರುತ್ತೆ. ಸೀಟ್ ಬೆಲ್ಟ್ ಪೂರ್ತಿ ಎಳೆದಾಗ ಕೆಳಗಿನ ಭಾಗದಲ್ಲಿ ಕೆಸರು ಬಣ್ಣದ ಗೆರೆ. ಮುಂದಿನ ಸೀಟಿನ ಕೆಳಗೆ ಕೈ ಹಾಕಿದ್ರೆ ತುಕ್ಕು ಹಿಡಿದ ಸ್ಪ್ರಿಂಗು, ಬೋಲ್ಟು. ಕಾರ್ಪೆಟ್ ಮೂಲೆ ಎತ್ತಿದ್ರೆ ಮರಳು. ಎಸಿ ಹಾಕಿದ ಕೂಡಲೆ ಮುಗ್ಗಲು ವಾಸನೆ. ಕಾರಲ್ಲಿ ಮೂರು ಮೂರು ಪರ್ಫ್ಯೂಮ್ ತೂಗಿಹಾಕಿದ್ರೆ ಎಲ್ಲವನ್ನೂ ತೆಗೆಸಿ, ಗಾಜು ಏರಿಸಿ, ಹತ್ತು ನಿಮಿಷ ಬಿಟ್ಟು ಬಾಗಿಲು ತೆಗೆದು ಮೂಸಿ. ನೀರು ಕುಡಿದ ಕಾರಿನ ತೊಂದರೆ ಮೊದಲ ದಿನ ಬರಲ್ಲ, ವೈರಿಂಗ್ ನಿಧಾನವಾಗಿ ಪಾಚಿ ಹಿಡಿದು ಆರು ತಿಂಗಳಾದ ಮೇಲೆ ಶುರುವಾಗುತ್ತೆ. ಮಂಗಳೂರು, ಉಡುಪಿ ಕಡೆಯ ಕಾರಾದ್ರೆ ಉಪ್ಪುಗಾಳಿಗೆ ತಳ ತುಕ್ಕು ಹಿಡಿದಿದ್ಯಾ ಅಂತಲೂ ರ‍್ಯಾಂಪ್ ಹತ್ತಿಸಿ ನೋಡಲೇಬೇಕು.

ಇಂಜಿನ್ ವಿಷಯಕ್ಕೆ ಬಂದ್ರೆ ಒಂದೇ ಹಟ ಹಿಡೀರಿ. ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಫೋನಲ್ಲಿ ಹೇಳಿ. ಬೆಳಗ್ಗೆ ಹೋಗಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ರೆ ಅವರು ಏನೋ ಬಚ್ಚಿಡ್ತಿದಾರೆ ಅಂತಲೇ ಅಲ್ಲ, ಆದ್ರೆ ಪರೀಕ್ಷೆ ಅವತ್ತು ಆಗಲ್ಲ, ಇನ್ನೊಂದು ದಿನ ಬನ್ನಿ. ತಣ್ಣಗಿರೋ ಇಂಜಿನ್ ಮಾತ್ರ ಸತ್ಯ ಹೇಳುತ್ತೆ. ಸ್ಟಾರ್ಟ್ ಮಾಡಿದಾಗ ಒಬ್ಬರು ಸೈಲೆನ್ಸರ್ ಹಿಂದೆ ನಿಲ್ಲಿ. ಚಳಿಯಲ್ಲಿ ಸ್ವಲ್ಪ ಆವಿ ಬಂದು ನಿಲ್ಲೋದು ಸಹಜ. ನೀಲಿ ಹೊಗೆ ಬಂದ್ರೆ ಇಂಜಿನ್ ಆಯಿಲ್ ಸುಡ್ತಿದೆ. ಬಿಳಿ ಹೊಗೆ ದಟ್ಟವಾಗಿ, ನಿಲ್ಲದೆ ಬರ್ತಿದ್ರೆ ಕೂಲೆಂಟ್ ಒಳಗೆ ಹೋಗ್ತಿರಬಹುದು, ಅದು ದೊಡ್ಡ ಖರ್ಚು. ಕೀ ತಿರುಗಿಸಿದಾಗ ಏರ್‌ಬ್ಯಾಗ್ ಲೈಟ್ ಒಂದು ಸಲ ಹತ್ತಿ ಆರಬೇಕು. ಆರದೇ ಇದ್ರೂ ತೊಂದರೆ, ಹತ್ತಲೇ ಇಲ್ಲ ಅಂದ್ರೆ ಇನ್ನೂ ದೊಡ್ಡ ತೊಂದರೆ. ಯಾರೋ ಅದನ್ನ ಬೇಕಂತಲೇ ಕತ್ತರಿಸಿರಬಹುದು.

ನಮ್ಮಂಥವರಿಗೆ ಖುಷಿ ಕೊಡೋ ಆಟಿಕೆ ಒಂದಿದೆ. ಓಬಿಡಿ ಸ್ಕ್ಯಾನರ್. ಬ್ಲೂಟೂತ್ ಇರೋದು ಸಾವಿರ ರೂಪಾಯಿ ಒಳಗೇ ಸಿಗುತ್ತೆ. ಸ್ಟೀರಿಂಗ್ ಕೆಳಗಿರೋ ಸಾಕೆಟ್‌ಗೆ ಚುಚ್ಚಿ ಫೋನಲ್ಲಿ ಓದಬಹುದು. ಎಲ್ಲರೂ ಎರರ್ ಕೋಡ್ ಇದ್ಯಾ ಅಂತ ಮಾತ್ರ ನೋಡ್ತಾರೆ, ಇಲ್ಲ ಅಂದ್ರೆ ಖುಷಿ ಪಡ್ತಾರೆ. ನೀವು ಇನ್ನೊಂದನ್ನ ಹುಡುಕಿ. ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ ಅನ್ನೋ ಲೆಕ್ಕವೂ ಬಹಳಷ್ಟು ಕಾರುಗಳಲ್ಲಿ ಸಿಗುತ್ತೆ. ಅದು 6 ಕಿ.ಮೀ. ಅಂತ ತೋರಿಸಿದ್ರೆ ಯಾರೋ ನಿನ್ನೆ ಸಂಜೆ ಲಾಗ್ ಕ್ಲಿಯರ್ ಮಾಡಿದಾರೆ. ಬ್ಯಾಟರಿ ಬದಲಾಯಿಸಿದ್ವಿ ಸಾರ್ ಅಂತ ಉತ್ತರ ಬರಬಹುದು, ಕೆಲವು ಸಲ ಅದು ನಿಜವೂ ಹೌದು. ಹಾಗಾದ್ರೆ ಬ್ಯಾಟರಿ ಮೇಲಿನ ತಾರೀಖು ನೋಡಿ, ಬಿಲ್ ಕೇಳಿ.

ಮೀಟರ್ ಅಂಕಿಯನ್ನ ನಂಬೋದಕ್ಕೆ ಗಟ್ಟಿ ಆಧಾರ ಅಂದ್ರೆ ಕಂಪನಿ ಸರ್ವೀಸ್ ಸೆಂಟರಿನ ದಾಖಲೆ. ಪ್ರತಿ ಸಲ ಕಾರು ಬಿಟ್ಟಾಗ ಅವರು ಕಿ.ಮೀ. ಬರ್ಕೋತಾರೆ. ಓನರ್ ಜೊತೆಲಿದ್ರೆ, ಇಲ್ಲ ಅವರ ಫೋನಿಂದ ಕೇಳಿಸಿದ್ರೆ, ಹಳೆಯ ಜಾಬ್ ಕಾರ್ಡ್‌ಗಳ ಪಟ್ಟಿ ಸಿಗುತ್ತೆ. 2020ರಲ್ಲಿ 62,000 ಇದ್ದ ಕಾರು ಈಗ 41,000 ತೋರಿಸಿದ್ರೆ ಅಲ್ಲಿಗೆ ಮಾತು ಮುಗೀತು. ಸರ್ವೀಸ್ ಹೊರಗೆ ಮಾಡಿಸಿದೀವಿ, ದಾಖಲೆ ಇಲ್ಲ ಅಂದ್ರೆ ಕಾರು ಕೆಟ್ಟದ್ದು ಅಂತಲ್ಲ. ಆದ್ರೆ ಮೀಟರ್ ಅಂಕಿಗೆ ಬೆಲೆ ಇಲ್ಲ ಅಂತ ಲೆಕ್ಕ ಹಾಕಿ ರೇಟು ಮಾತಾಡಿ.

ಟೆಸ್ಟ್ ಡ್ರೈವ್ ಬಗ್ಗೆ ಜಾಸ್ತಿ ಹೇಳಲ್ಲ, ಅದು ಎಲ್ಲರಿಗೂ ಗೊತ್ತು. ಮ್ಯೂಸಿಕ್ ಆಫ್ ಮಾಡಿಸಿ. ಒಂದು ಹಂಪ್, ಒಂದು ಗುಂಡಿ, ಒಂದು ಏರು ಇರೋ ರಸ್ತೆಯಲ್ಲಿ ಓಡಿಸಿ. ಇವು ಮೂರೂ ಇಲ್ಲದ ರಸ್ತೆ ನಮ್ಮೂರಲ್ಲಿ ಹುಡುಕೋದೇ ಕಷ್ಟ.

ಬಾವ ಕೊನೆಗೆ ತಗೊಂಡಿದ್ದು ರಾಜಾಜಿನಗರದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರ ಬೂದು ಬಣ್ಣದ ಕಾರು. 2016ರದ್ದು, 58,000 ಕಿ.ಮೀ. ನೋಡೋಕೆ ಏನೂ ಚೆನ್ನಾಗಿರಲಿಲ್ಲ. ಹಿಂದಿನ ಬಂಪರ್ ಎರಡು ಕಡೆ ಕೆರೆದು ಹೋಗಿತ್ತು, ಎಡಗಡೆ ಬಾಗಿಲಲ್ಲಿ ಒಂದು ಡೆಂಟು. ಅವರು ಅದನ್ನ ಮುಚ್ಚೋಕೂ ಹೋಗಿರಲಿಲ್ಲ. ಗಾಜೆಲ್ಲ ಒಂದೇ ಗುರುತಿನವು, ಟೈರ್ 2021ರವು, ಅದರ ಬಿಲ್ ಫೈಲಲ್ಲೇ ಇತ್ತು. ಫೈಲಿಗೆ ಇಂಡೆಕ್ಸ್ ಬೇರೆ ಬರೆದಿಟ್ಟಿದ್ರು, ಬ್ಯಾಂಕಿನವರು ನೋಡಿ. ಗೊತ್ತಿರೋ ಗ್ಯಾರೇಜಿನಲ್ಲಿ 800 ರೂಪಾಯಿ ಕೊಟ್ಟು ರ‍್ಯಾಂಪ್ ಹತ್ತಿಸಿ ನೋಡಿಸಿದ್ವಿ. ಮುಂದಿನ ಸಸ್ಪೆನ್ಷನ್ ಬುಷ್ ಹೋಗಿದೆ ಅಂದ್ರು ಮೇಸ್ತ್ರಿ. ಅದರ ಖರ್ಚು ಕಳೆದು 3,90,000ಕ್ಕೆ ಮಾತು ಮುಗೀತು.

ಆದ್ರೆ ದುಡ್ಡು ಕೊಡೋ ಮೊದಲು ಒಂದು ಕೆಲಸ ಬಾಕಿ ಇತ್ತು. ಪರಿವಾಹನ್ ಸೈಟಲ್ಲಿ ಗಾಡಿ ನಂಬರ್ ಹಾಕಿ ನೋಡಿದ್ರೆ ಹೈಪೋಥಿಕೇಷನ್ ಇನ್ನೂ ಹಾಗೇ ಇದೆ. ಸಾಲ ತೀರಿಸಿ ಎಷ್ಟೋ ವರ್ಷ ಆಗಿದೆ, ಆರ್‌ಸಿಯಲ್ಲಿ ತೆಗೆಸೋದು ಮಾತ್ರ ಮರೆತಿದ್ರು. ಬಹಳ ಜನ ಹೀಗೇ. ಬ್ಯಾಂಕಿನ ಎನ್‌ಓಸಿ ಮತ್ತು ಫಾರ್ಮ್ 35 ಕೊಟ್ಟು ಅದನ್ನ ತೆಗೆಸಿದ ಮೇಲೇನೇ ವರ್ಗಾವಣೆ ಅಂತ ಹೇಳಿದ್ವಿ, ಅವರೂ ಬೇಜಾರು ಮಾಡ್ಕೊಳ್ಳಲಿಲ್ಲ. ಅದೇ ಹೊತ್ತಿಗೆ ಬಾಕಿ ದಂಡವನ್ನೂ ನೋಡಿ. ರಾಜ್ಯ ಸರ್ಕಾರ 2023ರಲ್ಲಿ ಟ್ರಾಫಿಕ್ ದಂಡಕ್ಕೆ 50% ರಿಯಾಯಿತಿ ಕೊಟ್ಟಾಗಿಂದ, ಮುಂದಿನ ರಿಯಾಯಿತಿಗೆ ಕಾಯ್ತಾ ದಂಡ ಕಟ್ಟದೇ ಕೂತವರು ಊರು ತುಂಬ ಇದಾರೆ.

ವರ್ಗಾವಣೆಗೆ ಫಾರ್ಮ್ 29, ಫಾರ್ಮ್ 30. ರಾಜ್ಯದ ಒಳಗೇ ಆದ್ರೆ ಮಾರಿದವರು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸ್ಕೋಬೇಕು, ಇಲ್ಲಾಂದ್ರೆ ನಿಮ್ಮ ಕಾರಿಗೆ ಆದ ನಷ್ಟದ ಕ್ಲೇಮ್ ಸಿಗೋದು ಕಷ್ಟ. ಸಹಿ ಮಾಡಿದ ಖಾಲಿ ಫಾರ್ಮ್ ಕೊಡ್ತೀವಿ, ನಿಧಾನಕ್ಕೆ ಮಾಡಿಸ್ಕೊಳ್ಳಿ ಅನ್ನೋ ಮಾತಿಗೆ ಒಪ್ಪಬೇಡಿ. ಮಾರೋರಿಗೂ ಅದು ಒಳ್ಳೇದಲ್ಲ. ಅಪಘಾತ ಆದಾಗ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಡೆಲ್ಲಿ ನಂಬರಿನ ಡೀಸೆಲ್ ಕಾರು ಅರ್ಧ ರೇಟಿಗೆ ಸಿಗ್ತಿದೆ ಅಂತ ಕುಣಿಯೋರು, ಅಲ್ಲಿನ ಆರ್‌ಟಿಓ ಎನ್‌ಓಸಿ ಮತ್ತು ಇಲ್ಲಿ ಹೊಸದಾಗಿ ಕಟ್ಟಬೇಕಾದ ಲೈಫ್ ಟ್ಯಾಕ್ಸ್ ಸೇರಿಸಿ ಮತ್ತೊಮ್ಮೆ ಲೆಕ್ಕ ಹಾಕಿ.

ಕಾರು ಕೈಗೆ ಬರೋ ದಿನ ಎರಡನೇ ಕೀ ಕೇಳಿ ತಗೊಳ್ಳಿ. ಮೀಟರಿನ ಫೋಟೋ ತೆಗೆದು, ತಾರೀಖು ಮತ್ತು ಸಮಯ ಬರೆದ ಡೆಲಿವರಿ ಚೀಟಿಗೆ ಇಬ್ಬರೂ ಸಹಿ ಹಾಕಿ. ಅವತ್ತು ಬೆಳಗ್ಗೆವರೆಗಿನ ದಂಡ ಅವರದ್ದು, ಆಮೇಲಿನದು ನಿಮ್ಮದು. ಹಳೇ ಫಾಸ್ಟ್‌ಟ್ಯಾಗ್ ಕಿತ್ತು ಅವರಿಗೇ ಕೊಟ್ಟುಬಿಡಿ. ಬಾವ ನಾಳೆ ಕಿತ್ತರಾಯ್ತು ಅಂತ ಊರಿಗೆ ಹೊರಟಿದ್ರು. ರಾತ್ರಿ ಎಂಟಕ್ಕೆ ಬ್ಯಾಂಕ್ ಯಜಮಾನರ ಫೋನ್ ಬಂತಂತೆ. "ಮೇಷ್ಟ್ರೇ, ಕ್ಯಾತ್ಸಂದ್ರ ಟೋಲ್ ದಾಟಿದ್ರಾ? ನನ್ನ ಅಕೌಂಟಿಂದ ಈಗ ತಾನೇ ಕಟ್ ಆಯ್ತು!"